ಕೌದಿಯ ಹೊಟ್ಟೆಯೊಳಗಿನ ಕೌದಿ

ಕೌದಿ ಹರಿದರೆ ನಮ್ಮ ಹಿರಿಯರು ಅದನ್ನ ಬಿಸಾಕುತ್ತಿರಲಿಲ್ಲ. ಅದನ್ನೇ ಒಳಗೆ ಹಾಸಿ, ಮೇಲೆ ಬೇರೆ ತುಂಡು ಹಾಕಿ ಹೊಲಿದರೆ ಹೊಸ ಕೌದಿ ಆಯಿತು. ಅಜ್ಜಿಯ ಕೌದಿ ಮೊಮ್ಮಗಳ ಕೌದಿಯ ಹೊಟ್ಟೆಯಲ್ಲಿ ಸೇರಿಹೋಗೋದು. ಹಾಗಾಗಿ ಬಲು ಹಳೇ ಕೌದಿ ಹುಡುಕಿದರೆ ಸಿಗೋದು ಕಷ್ಟ. ಕೆರೆ ಕಟ್ಟಿಸಿದವರಿಗೆ ಶಾಸನ ಉಂಟು, ಗುಡಿ ಕಟ್ಟಿಸಿದವರಿಗೆ ಉಂಟು. ಹೆಂಗಸರ ಹೊಲಿಗೆಗೆ ಕಲ್ಲು ನೆಡಿಸಿದವರು ಯಾರು? ಅದರ ಚರಿತ್ರೆಯನ್ನ ಮಾತಿನಲ್ಲೂ ಕೈಕೆಲಸದಲ್ಲೂ ಹುಡುಕಬೇಕು.

ಮಾತನ್ನೇ ಮೊದಲು ನೋಡೋಣ. ತೆಲುಗಿನವರು ಇದನ್ನ ಬೊಂತ ಅಂತಾರೆ. ಇದು ಬರೀ ತೆಲುಗಿನ ಮಾತು ಅಂದುಕೊಳ್ಳಬೇಡಿ, ಹಳೆಯ ಕನ್ನಡದಲ್ಲೂ ಬೊಂತೆ ಇದೆ. 12ನೇ ಶತಮಾನದ ವಚನಕಾರ್ತಿ ಬೊಂತಾದೇವಿಯ ಹೆಸರಿನಲ್ಲೇ ಅದು ಕೂತಿದೆ. ಕಾಶ್ಮೀರದ ಕಡೆಯಿಂದ ಬತ್ತಲೆಯಾಗಿ ಹೊರಟು ಬಂದ ಆಕೆಗೆ ಶಿವನೇ ಬೊಂತೆ ಹೊದಿಸಿದ, ಅದಕ್ಕೇ ಆ ಹೆಸರು ಬಂತು ಅಂತ ಕತೆ. ಕತೆಯನ್ನ ನಂಬಿ, ಬಿಡಿ. ತೇಪೆಯ ಹೊದಿಕೆ ಆಗಲೇ ಜನರ ಬಾಯಲ್ಲಿತ್ತು ಅನ್ನೋದಕ್ಕೆ ಆ ಹೆಸರು ಸಾಕು.

ಕೈಕೆಲಸ ನೋಡಬೇಕಾದರೆ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಡೆ ಹೋಗಬೇಕು. ಅಲ್ಲಿ ಸಿದ್ದಿ ಜನ ಇದ್ದಾರೆ. ಇವರ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಸಿದ್ದಿ ಹೆಂಗಸರು ಹಳೇ ಸೀರೆಯನ್ನ ಅಡಿಗೆ ಹಾಸಿ, ಒಂದು ಮೂಲೆಯಿಂದ ತುಂಡು ಇಡೋಕೆ ಶುರು ಮಾಡ್ತಾರೆ. ತುಂಡಿನ ಅಂಚು ಮಡಿಚಿ, ಸಾದಾ ಹೊಲಿಗೆಯಲ್ಲಿ ಸುತ್ತಲೂ ಬರ್ತಾರೆ. ಸುತ್ತು ಮುಗಿದಂತೆ ಒಳಸುತ್ತು. ಹೀಗೆ ಅಂಚಿನಿಂದ ನಡುವಿಗೆ ಬರೋದು. ಅಮೆರಿಕದಲ್ಲಿ ಚೌಕಗಳನ್ನ ಬೇರೆ ಬೇರೆಯಾಗಿ ಹೊಲಿದು ಆಮೇಲೆ ಕೂಡಿಸುವ ಪದ್ಧತಿ ಬಲು ಬಳಕೆಯಲ್ಲಿದೆ. ಸಿದ್ದಿಯರದು ಹಾಗಲ್ಲ. ಅಳತೆ ಪಟ್ಟಿ ಇಲ್ಲ, ನಕ್ಷೆ ಇಲ್ಲ, ಪಕ್ಕದ ಬಣ್ಣ ನೋಡಿ ಮುಂದಿನ ತುಂಡು.

ಕೊನೆಗೆ ನಾಲ್ಕು ಮೂಲೆಗೂ ಮುಕ್ಕೋನ ಮಡಿಚಿದ ತುಂಡು ಹೊಲಿಯಬೇಕು. ಅದಕ್ಕೆ ಹೂವು ಅಂತಲೇ ಹೆಸರು. ಹೂವಿಲ್ಲದ ಕೌದಿ ಬತ್ತಲೆ ಅನ್ನೋದು ಅವರ ಲೆಕ್ಕ. ಬಿಸಿಗೆ ಹೂವು ಯಾಕೆ ಬೇಕು? ಬಡತನಕ್ಕಷ್ಟೇ ಕೌದಿ ಹೊಲಿದರು ಅನ್ನುವವರು ಇದಕ್ಕೆ ಉತ್ತರ ಹೇಳಲಿ.

2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಕ್ಕೆ ಹೋದವು.

ನಮ್ಮಲ್ಲಿ ಕೌದಿ ಕಡಿಮೆಯಾಗಿದ್ದಕ್ಕೆ ಅಂಗಡಿ ಕಂಬಳಿಯನ್ನಷ್ಟೇ ದೂರಿದರೆ ಆಗದು. ನೂಲಿನ ಸೀರೆ ಒಗೆದಷ್ಟೂ ಮೆತ್ತಗಾಗುತ್ತೆ, ಬೆವರು ಹೀರುತ್ತೆ. ಪಾಲಿಯೆಸ್ಟರ್ ಸೀರೆ ಸೂಜಿಯ ಕೆಳಗೆ ಜಾರುತ್ತೆ, ಬೆವರು ಹೀರಲ್ಲ. ಹೊಟ್ಟೆಗೆ ಹಾಕೋ ಬಟ್ಟೆಯೇ ಮನೆಯಲ್ಲಿ ಇಲ್ಲದಂಗಾಯ್ತು.

ಅವಲಪಲ್ಲಿಯಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಕೌದಿ ಇದ್ದರೆ ಮೇಷ್ಟ್ರುಗಳು ಮಕ್ಕಳನ್ನ ಕರಕೊಂಡು ಹೋಗಿ ಕೇಳಿಸಲಿ: ಮೊದಲ ತುಂಡು ಎಲ್ಲಿಟ್ಟಿರಿ ಅಜ್ಜಿ, ಮೂಲೆಗೆ ಏನು ಹಾಕಿದಿರಿ, ಒಳಗೆ ಯಾರ ಸೀರೆ ಇದೆ?