ಕಾಣದ ಸೂತ್ರ: ಅರ್ಧ ಕಟ್ಟಿದ ವಿಮಾನಗಳ ಒಂದು ಚರಿತ್ರೆ

ಬೇರೆಯವರು ತೊಡಗಿಸಿದ್ದನ್ನು ಕೂಡಿಸಿ ಮುಗಿಸುವ ಕೆಲಸದಿಂದಲೇ ಕರ್ನಾಟಕದಲ್ಲಿ ವಿಮಾನ ಕಟ್ಟುವ ವಿದ್ಯೆ ಮೊದಲಾಯಿತು. ಬಿಡಿಭಾಗಗಳನ್ನೂ ನಕ್ಷೆಯನ್ನೂ ಒಂದೇ ಪೆಟ್ಟಿಗೆಯಲ್ಲಿ ಒದಗಿಸಿ, ಜೋಡಿಸುವ ಹೊಣೆಯನ್ನು ಕೊಂಡವನಿಗೆ ಬಿಡುವ ಸರಕಿಗೆ 'ಕಿಟ್' ಎಂಬ ಹೆಸರಿದೆ. ಹವ್ಯಾಸಿಯ ಮೇಜಿನ ಮೇಲಿನ ಆಟದ ವಿಮಾನದಿಂದ ಹಿಡಿದು ಸೈನಿಕರ ತರಬೇತಿಗೆ ಬಳಕೆಯಾದ ವಿಮಾನದವರೆಗೆ ಹಲವು ಗಾತ್ರದ ಕಿಟ್‌ಗಳು ಈ ನಾಡಿಗೆ ಬಂದಿವೆ. ಈ ಪರಂಪರೆಯ ಒಂದು ಎಳೆಯನ್ನು ಹಿಡಿದು ಹೊರಟರೆ, ಅದು ಬೆಂಗಳೂರಿನ ಕಾರ್ಖಾನೆಯಿಂದ ಹೊರಟು ಕೂಡ್ಲಿಗಿ ಸೀಮೆಯ ಆಚೆಗಿನ ಚಳ್ಳಕೆರೆಯ ಹುಲ್ಲುಗಾವಲಿಗೆ ಬಂದು ಮುಟ್ಟುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳಾಗಿದ್ದು, 1953ರ ಅಕ್ಟೋಬರ್ 1ರವರೆಗೆ ಈ ಪ್ರದೇಶವು ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದರಾಸಿನ ಆಡಳಿತಕ್ಕೆ ಸೇರಿತ್ತು. ಮಳೆ ಕಡಿಮೆಯಾದ, ಮರಗಳು ವಿರಳವಾದ, ಗಾಳಿ ತಡೆಯಿಲ್ಲದೆ ಬೀಸುವ ಈ ಬಯಲುಸೀಮೆಯಲ್ಲಿ ಹಾರುವ ವಸ್ತುವನ್ನು ನೆಲದಲ್ಲಿ ನಿಂತು ಹಿಡಿತದಲ್ಲಿಡುವ ಜನಸಾಮಾನ್ಯರ ವಿದ್ಯೆಯೆಂದರೆ ಗಾಳಿಪಟ. ಪಟದ ಕಡ್ಡಿಗಳಿಗೆ ಕಟ್ಟಿ, ಅದು ಗಾಳಿಗೆ ಎಷ್ಟು ಓರೆಯಾಗಿ ನಿಲ್ಲಬೇಕೆಂಬುದನ್ನು ನಿರ್ಧರಿಸುವ ದಾರದ ಕಟ್ಟಿಗೆ ಸೂತ್ರವೆಂದೂ, ಪಟ ಲಾಗ ಹೊಡೆಯದಂತೆ ಕೆಳಗೆ ಇಳಿಬಿಡುವ ಬಟ್ಟೆಯ ತುಂಡಿಗೆ ಬಾಲಂಗೋಚಿಯೆಂದೂ ಕನ್ನಡದಲ್ಲಿ ಹೆಸರು. ಸೂತ್ರವನ್ನು ಬೆರಳಗಲ ಮೇಲೆ ಕಟ್ಟಿದರೂ ಕೆಳಗೆ ಕಟ್ಟಿದರೂ ಪಟದ ನಡೆ ಬದಲಾಗುತ್ತದೆಂಬುದು ಅದನ್ನು ಕಟ್ಟಿದ ಹುಡುಗರಿಗೆಲ್ಲ ತಿಳಿದ ಸಂಗತಿ. ಮಾದರಿ ವಿಮಾನದ ಚರಿತ್ರೆಯನ್ನು ಈ ಸೂತ್ರವು ಒಂದೆಡೆ ತಂತಿಯಾಗಿ, ಇನ್ನೊಂದೆಡೆ ಕಣ್ಣಿಗೆ ಕಾಣದ ರೇಡಿಯೋ ಅಲೆಯಾಗಿ ಮಾರ್ಪಟ್ಟ ಕಥೆಯೆಂದು ಓದಬಹುದು.

ರೇಡಿಯೋ ಮೂಲಕ ಮಾದರಿ ವಿಮಾನವನ್ನು ನಡೆಸಿದ ಆರಂಭದ ಸಾಹಸಿಗಳಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಪ್ರಮುಖರು. ಅವರು 1937ರಲ್ಲಿ ಹಾರಿಸಿದ, ಸುಮಾರು 8 ಅಡಿ ಉದ್ದದ ರೆಕ್ಕೆಯ 'ಗಫ್' ಎಂಬ ವಿಮಾನ ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಕೀಲ್‌ಕ್ರಾಫ್ಟ್ ಮುಂತಾದ ಕಂಪನಿಗಳು ಈ ಹವ್ಯಾಸವನ್ನು ಪೆಟ್ಟಿಗೆಗೆ ತುಂಬಿ ಮಾರುತ್ತಿದ್ದವು. ಆ ಕಂಪನಿಯು 1946ರಲ್ಲಿ ಹೊರತಂದ, 60 ಅಂಗುಲ ರೆಕ್ಕೆಯ 'ಜೂನಿಯರ್ 60' ಮೊದಲು ಹಿಡಿತವಿಲ್ಲದೆ ತನ್ನಷ್ಟಕ್ಕೆ ಹಾರುವ ಮಾದರಿಯಾಗಿದ್ದು, ಮುಂದೆ ರೇಡಿಯೋ ಹೊರುವ ವಿಮಾನವಾಗಿ ಬಹುಕಾಲ ಬಾಳಿತು. ಹಾರಿಸುವವನು ನಡುವೆ ನಿಂತು, ಕೈಯಲ್ಲಿ ಹಿಡಿದ ಎರಡು ತಂತಿಗಳಿಂದ ವಿಮಾನವನ್ನು ತನ್ನ ಸುತ್ತ ವೃತ್ತಾಕಾರವಾಗಿ ಓಡಿಸುವ 'ಕಂಟ್ರೋಲ್ ಲೈನ್' ಪದ್ಧತಿಯೂ ಅದೇ ಕಾಲದಲ್ಲಿ ಜನಪ್ರಿಯವಾಯಿತು. ಭಾರತದಲ್ಲಿ ಈ ವಿದ್ಯೆಗಳು ವಿದ್ಯಾರ್ಥಿಗಳನ್ನು ತಲುಪಿದ ಮುಖ್ಯ ದಾರಿ ಎನ್‌ಸಿಸಿ. 1948ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1950ರಲ್ಲಿ ವಾಯುದಳದ ವಿಭಾಗವನ್ನು ತೆರೆದು, ಮಾದರಿ ವಿಮಾನ ಕಟ್ಟುವುದನ್ನು ತನ್ನ ಪಾಠಗಳಲ್ಲಿ ಸೇರಿಸಿಕೊಂಡಿತು.

ಆದರೆ ಈ ಹವ್ಯಾಸಕ್ಕೆ ಬೇಕಾದ ಸಾಮಗ್ರಿ ಸುಲಭವಾಗಿ ದಕ್ಕುವಂಥದ್ದಾಗಿರಲಿಲ್ಲ. ಮಾದರಿ ವಿಮಾನಗಳ ಜೀವಾಳವಾದ ಬಾಲ್ಸಾ ಮರವು ದಕ್ಷಿಣ ಅಮೆರಿಕದ ಎಕ್ವಡೋರ್ ದೇಶದಿಂದ ಬರಬೇಕಿತ್ತು. ಆಮದಿನ ಮೇಲೆ ಬಿಗಿಯಾದ ನಿರ್ಬಂಧಗಳಿದ್ದ ದಶಕಗಳಲ್ಲಿ ವಿದೇಶಿ ಕಿಟ್ ಒಂದನ್ನು ಪಡೆಯುವುದು ಸಣ್ಣ ಮಾತಾಗಿರಲಿಲ್ಲ. ರೇಡಿಯೋ ಉಪಕರಣದ ಪಾಡಂತೂ ಇನ್ನೂ ಕಠಿಣವಾಗಿತ್ತು, ಏಕೆಂದರೆ 1885ರ ತಂತಿ ಕಾಯಿದೆ ಮತ್ತು 1933ರ ನಿಸ್ತಂತು ಕಾಯಿದೆಗಳ ಪ್ರಕಾರ ಅಂಥ ಉಪಕರಣಕ್ಕೆ ಸರ್ಕಾರದ ಪರವಾನಗಿ ಬೇಕಾಗುತ್ತಿತ್ತು. ಇಂದಿನ ಮಾದರಿ ವಿಮಾನಗಳಲ್ಲಿ ರೂಢಿಯಾಗಿರುವ 2.4 ಗಿಗಾಹರ್ಟ್ಸ್ ಅಲೆಗಳಲ್ಲಿ ಕಡಿಮೆ ಶಕ್ತಿಯ ಉಪಕರಣಗಳನ್ನು ಪರವಾನಗಿಯಿಲ್ಲದೆ ಬಳಸಲು ಅವಕಾಶ ದೊರೆತದ್ದು 2005ರಲ್ಲಿ. ರೆಕ್ಕೆ ಮುಗಿದರೂ ರೇಡಿಯೋ ಸಿಗದೆ, ರೇಡಿಯೋ ಸಿಕ್ಕರೂ ಎಂಜಿನ್ ಸಿಗದೆ ಅರ್ಧಕ್ಕೆ ನಿಲ್ಲುವ ಕಿಟ್‌ಗಳಿಗೆ ಇಂಥ ಪರಿಸ್ಥಿತಿಯಲ್ಲಿ ಕಾರಣ ಹುಡುಕಬೇಕಾಗಿಲ್ಲ.

ಹಾಗೆ ನಿಂತುಹೋದ ಹಳೆಯ ಕಿಟ್ಟನ್ನು ಮತ್ತೊಬ್ಬರು ಮುಗಿಸುವುದು ಹೊಸದನ್ನು ಕಟ್ಟುವುದಕ್ಕಿಂತ ಭಿನ್ನವಾದ ಕಸುಬು. ಇಲ್ಲಿ ಮೊದಲ ಕೆಲಸ ಹಿಂದಿನ ಕೈಯನ್ನು ಓದುವುದು. ವಿಮಾನದಷ್ಟೇ ದೊಡ್ಡದಾಗಿ ಅಚ್ಚಾದ ನಕ್ಷೆಯ ಮೇಲೆ ಕಟ್ಟಿದ ಭಾಗವನ್ನು ಇಟ್ಟು ನೋಡಿದರೆ, ರೆಕ್ಕೆಯ ಉದ್ದಕ್ಕೂ ಸಾಗುವ ತೊಲೆ ನೇರವಾಗಿದೆಯೇ, ಆ ತೊಲೆಗೆ ಅಡ್ಡಲಾಗಿ ಕೂತು ರೆಕ್ಕೆಗೆ ಉಬ್ಬಿನ ಆಕಾರ ಕೊಡುವ ಪಕ್ಕೆಲುಬುಗಳು ಸಮನಾಗಿವೆಯೇ, ಮೊದಲು ಕಟ್ಟಿದವನು ಎಲ್ಲಿ ಅವಸರಪಟ್ಟಿದ್ದಾನೆ ಎಂಬುದು ತಿಳಿಯುತ್ತದೆ. ಸೆಲ್ಯುಲೋಸಿನಿಂದ ಮಾಡಿದ ಹಳೆಯ ಅಂಟು ವರ್ಷಗಳು ಕಳೆದಂತೆ ಹಳದಿಗಟ್ಟಿ ಪೆಡಸಾಗುವುದರಿಂದ ಪ್ರತಿಯೊಂದು ಬೆಸುಗೆಯನ್ನೂ ಬೆರಳಿನಿಂದ ಒತ್ತಿ ಪರೀಕ್ಷಿಸಬೇಕು. ಎಂಜಿನ್ ಒಮ್ಮೆ ಓಡಿದ ವಿಮಾನವಾದರೆ ಇನ್ನೊಂದು ತೊಡಕಿದೆ: ಆ ಕಾಲದ ಸಣ್ಣ ಡೀಸೆಲ್ ಎಂಜಿನ್‌ಗಳು ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆಗಳ ಮಿಶ್ರಣದಿಂದ ಓಡುತ್ತಿದ್ದುದರಿಂದ ಮುಂಭಾಗದ ಮರ ಎಣ್ಣೆ ಕುಡಿದಿರುತ್ತದೆ, ಎಣ್ಣೆ ಕುಡಿದ ಮರ ಅಂಟನ್ನು ಹಿಡಿಯುವುದಿಲ್ಲ.

ತಿರುಚಿಕೊಂಡ ರೆಕ್ಕೆಯನ್ನು ನೇರಗೊಳಿಸಲು ಅದನ್ನು ಹಬೆಗೆ ಹಿಡಿದು, ಬೇಕಾದ ಕಡೆಗೆ ಮಣಿಸಿ, ಆರುವವರೆಗೆ ಹಲಗೆಗೆ ಬಿಗಿದಿಡುವುದು ರೂಢಿ. ಆಮೇಲೆ ಅಸ್ಥಿಪಂಜರದಂತಿರುವ ಚೌಕಟ್ಟಿನ ಮೇಲೆ ತೆಳುಗಾಗದ ಇಲ್ಲವೆ ರೇಷ್ಮೆಯನ್ನು ಹೊದಿಸಿ, 'ಡೋಪ್' ಎಂಬ ತೆಳುವಾದ ಲೇಪವನ್ನು ಬಳಿಯುತ್ತಾರೆ. ಈ ಲೇಪ ಆರುವಾಗ ಕುಗ್ಗಿ ಹೊದಿಕೆಯನ್ನು ಮದ್ದಳೆಯ ಚರ್ಮದಂತೆ ಬಿಗಿಯುವುದರಿಂದ, ಎರಡು ಬದಿಗೂ ಸಮನಾಗಿ ಬಳಿಯದಿದ್ದರೆ ನೇರವಾಗಿದ್ದ ರೆಕ್ಕೆ ಮತ್ತೆ ತಿರುಚಿಕೊಳ್ಳುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ತೂಕದ ಲೆಕ್ಕ. ಆರಂಭಕಾಲದ ರೇಡಿಯೋ ವಿಮಾನ ನಿರ್ವಾತ ಕವಾಟಗಳನ್ನೂ ಭಾರವಾದ ಬ್ಯಾಟರಿಗಳನ್ನೂ ಹೊತ್ತಿರುತ್ತಿತ್ತು. ಚುಕ್ಕಾಣಿಯನ್ನು ತಿರುಗಿಸುತ್ತಿದ್ದುದು 'ಎಸ್ಕೇಪ್‌ಮೆಂಟ್' ಎಂಬ ಸಾಧನ; ಹುರಿಗೊಳಿಸಿದ ರಬ್ಬರಿನ ಬಲದಿಂದ ನಡೆಯುತ್ತಿದ್ದ ಅದು ನೆಲದ ಮೇಲಿನ ಗುಂಡಿಯನ್ನು ಒಮ್ಮೆ ಒತ್ತಿದರೆ ಚುಕ್ಕಾಣಿಯನ್ನು ಬಲಕ್ಕೂ ಮತ್ತೊಮ್ಮೆ ಒತ್ತಿದರೆ ಎಡಕ್ಕೂ ತಿರುಗಿಸುತ್ತಿತ್ತು, ರಬ್ಬರಿನ ಹುರಿ ಬಿಚ್ಚಿಕೊಂಡ ಮೇಲೆ ಹಿಡಿತವೂ ಮುಗಿಯುತ್ತಿತ್ತು. ಕೈಯ ಚಲನೆ ಎಷ್ಟೋ ಅಷ್ಟೇ ಪ್ರಮಾಣದಲ್ಲಿ ಚುಕ್ಕಾಣಿ ತಿರುಗುವ ವ್ಯವಸ್ಥೆ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಇಂದಿನ ಹಗುರ ಉಪಕರಣಗಳನ್ನು ಹಳೆಯ ಒಡಲಿನಲ್ಲಿ ಇಟ್ಟಾಗ ವಿಮಾನದ ಮೂತಿ ಹಗುರಾಗಿ ಬಾಲ ಜಗ್ಗುವುದುಂಟು. ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಸುಮಾರು ಮೂರನೆಯ ಒಂದು ಭಾಗದಷ್ಟು ಹಿಂದೆ, ಬೆರಳುಗಳ ಮೇಲೆ ಹೊತ್ತಾಗ ವಿಮಾನ ಸಮತೋಲದಲ್ಲಿ ನಿಲ್ಲುವಂತೆ, ಮೂತಿಯಲ್ಲಿ ಸೀಸವನ್ನು ಸೇರಿಸಿ ಸರಿಪಡಿಸಬೇಕಾಗುತ್ತದೆ. ಹಿಂದಿನವನು ಯಾವ ಭಾರವನ್ನು ಎಣಿಸಿ ಕಟ್ಟಿದ್ದನೆಂಬುದನ್ನು ಅರಿಯದೆ ಮುಗಿಸಿದ ವಿಮಾನ ನೋಡಲು ಪೂರ್ಣವಾಗಿದ್ದರೂ ಹಾರಾಟಕ್ಕೆ ಅಪೂರ್ಣವೇ.

ಇದೇ ಕಸುಬನ್ನು ದೊಡ್ಡ ಅಳತೆಯಲ್ಲಿ ಕಲಿಸಿದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಇದನ್ನು ಸ್ಥಾಪಿಸಿದಾಗ ಕಾರ್ಖಾನೆಯ ಮುಂದಿದ್ದ ಮೊದಲ ಕೆಲಸವೆಂದರೆ ಅಮೆರಿಕದಿಂದ ಬಿಡಿಭಾಗಗಳಾಗಿ ಬಂದ ಹಾರ್ಲೋ ಪಿಸಿ-5 ತರಬೇತಿ ವಿಮಾನಗಳನ್ನು ಜೋಡಿಸುವುದು. ಈ ವಿಮಾನದ ಪೂರ್ವಜವನ್ನು ಕ್ಯಾಲಿಫೋರ್ನಿಯದ ಪ್ಯಾಸಡೀನಾ ಜೂನಿಯರ್ ಕಾಲೇಜಿನ ಬೋಧಕ ಮ್ಯಾಕ್ಸ್ ಹಾರ್ಲೋ ರೂಪಿಸಿದ್ದು, ಅವರ ವಿದ್ಯಾರ್ಥಿಗಳು ಅದನ್ನು ತರಗತಿಯ ಕೆಲಸವಾಗಿ ಕಟ್ಟಿ 1937ರಲ್ಲಿ ಹಾರಿಸಿದ್ದರು. ಗುಡ್ ಸೋದರರ 'ಗಫ್' ಹಾರಿದ ವರ್ಷವೂ ಅದೇ. ಹೀಗೆ ಒಂದು ಕಾಲೇಜಿನ ತರಗತಿಯಲ್ಲಿ ಬೇರುಗಳಿದ್ದ ವಿಮಾನ 1941ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಪೂರ್ಣಗೊಂಡು ಮೇಲೇರಿತು.

ಅನ್ಯರ ವಿಮಾನಗಳನ್ನು ಜೋಡಿಸಿ, ಯುದ್ಧಕಾಲದಲ್ಲಿ ದುರಸ್ತಿ ಮಾಡಿ ಪಳಗಿದ ಈ ಕಾರ್ಖಾನೆಯಿಂದ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಜರ್ಮನಿಯ ಕುರ್ಟ್ ಟಾಂಕ್ ರೂಪಿಸಿದ 'ಮಾರುತ' ಯುದ್ಧವಿಮಾನ 1961ರಲ್ಲಿ ಮೇಲೇರುವ ಮುನ್ನ ಅದರ ಪೂರ್ಣಗಾತ್ರದ, ಎಂಜಿನ್ ಇಲ್ಲದ ಮರದ ಮಾದರಿಯೊಂದನ್ನು ಕಟ್ಟಿ, 1959ರಿಂದ ಡಕೋಟ ವಿಮಾನದ ಹಿಂದೆ ಎಳೆಸಿ ಹಾರಿಸಿ ಪರೀಕ್ಷಿಸಲಾಯಿತು. ಧ್ವನಿಯ ವೇಗವನ್ನು ಮೀರಬೇಕಾದ ಯಂತ್ರದ ಗುಣದೋಷಗಳನ್ನು ಹೀಗೆ ಬಡಗಿಯ ಕೆಲಸ ಮೊದಲು ತೋರಿಸಿಕೊಟ್ಟಿತು.

ಹವ್ಯಾಸಿಯ ಮೇಜಿಗೂ ಪ್ರಯೋಗಾಲಯಕ್ಕೂ ಇರುವ ನಂಟು ಇನ್ನಷ್ಟು ಸ್ಪಷ್ಟವಾಗಿ ಕಾಣುವುದು 1980ರ ದಶಕದಲ್ಲಿ. ಅಮೆರಿಕದ ಬರ್ಟ್ ರೂಟನ್, ಜನರು ತಮ್ಮ ಮನೆಯ ಶೆಡ್ಡಿನಲ್ಲೇ ಕಟ್ಟಿಕೊಳ್ಳಬಹುದಾದ 'ಲಾಂಗ್-ಈಜಿ' ಎಂಬ ಪುಟ್ಟ ವಿಮಾನದ ನಕ್ಷೆಗಳನ್ನು ಮಾರುತ್ತಿದ್ದರು. ಹಗುರವಾದ ಫೋಮನ್ನು ಕಾಯಿಸಿದ ತಂತಿಯಿಂದ ಕೊಯ್ದು, ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ರಾಳದಿಂದ ಅಂಟಿಸಿ ಇದನ್ನು ಕಟ್ಟುತ್ತಾರೆ. ಬಾಲದಲ್ಲಿರಬೇಕಾದ ಚಿಕ್ಕ ರೆಕ್ಕೆ ಇದರಲ್ಲಿ ಮೂತಿಯ ಬಳಿಯಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ರುಸ್ತುಂ ದಮಾನಿಯ ಅವರ ಮುಂದಾಳುತನದ ತಂಡ ಈ ವಿನ್ಯಾಸದ ಆಧಾರದ ಮೇಲೆ ಕಟ್ಟಿದ ಹಗುರ ಸಂಶೋಧನಾ ವಿಮಾನ 1987ರಲ್ಲಿ ಹಾರಿತು. ಎರಡು ದಶಕಗಳ ತರುವಾಯ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ತಂತ್ರಜ್ಞರು ಆ ವಿಮಾನವನ್ನು ಮತ್ತೆ ಕೈಗೆತ್ತಿಕೊಂಡು, ಚಾಲಕನಿಲ್ಲದೆ ನೆಲದಿಂದಲೇ ನಡೆಸುವಂತೆ ಮಾರ್ಪಡಿಸಿ 'ರುಸ್ತುಂ-1' ಎಂದು ಕರೆದರು. 2009ರ ನವೆಂಬರಿನಲ್ಲಿ ಹೊಸೂರಿನ ಬಳಿ ನಡೆದ ಮೊದಲ ಹಾರಾಟ, ಇಳಿಯುವಾಗ ಎತ್ತರದ ಅಂದಾಜು ತಪ್ಪಿದ್ದರಿಂದ ಅಪಘಾತದಲ್ಲಿ ಮುಗಿದರೆ, 2010ರ ಅಕ್ಟೋಬರಿನ ಹಾರಾಟ ಯಶಸ್ವಿಯಾಯಿತು. ನೆಲದಲ್ಲಿ ನಿಂತವನಿಗೆ ದೂರದ ವಿಮಾನದ ಎತ್ತರವನ್ನು ಕಣ್ಣಳತೆಯಲ್ಲಿ ಹಿಡಿಯುವುದೇ ಕಷ್ಟವೆಂಬುದು ಮಾದರಿ ವಿಮಾನದ ಹವ್ಯಾಸಿಗಳ ಹಳೆಯ ಪಾಠವೂ ಹೌದು.

ರುಸ್ತುಂ ಹೆಸರನ್ನು ಉಳಿಸಿಕೊಂಡು, ಒಡಲನ್ನು ಪೂರ್ತಿ ಹೊಸದಾಗಿ ರೂಪಿಸಿದ 'ರುಸ್ತುಂ-2' 2016ರ ನವೆಂಬರಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಪರೀಕ್ಷಾ ನೆಲೆಯಿಂದ ಮೊದಲ ಬಾರಿಗೆ ಹಾರಿತು. ಇದಕ್ಕೆ 'ತಪಸ್' ಎಂಬ ಹೆಸರೂ ಇದೆ. ಮೊಳಕಾಲ್ಮೂರು, ಜಗಳೂರು ಸೀಮೆಗಳನ್ನು ದಾಟಿದರೆ ಕೂಡ್ಲಿಗಿಯ ಬಯಲು ಹೋಗಿ ಸೇರುವ ನೆಲವಿದು. ಗಾಳಿಪಟಕ್ಕೆ ಒಗ್ಗಿದ್ದ ಮರವಿಲ್ಲದ ವಿಸ್ತಾರ ಮತ್ತು ತೆರೆದ ಆಕಾಶ ಚಾಲಕನಿಲ್ಲದ ವಿಮಾನಕ್ಕೂ ಒಗ್ಗಿದವು. ಆದರೆ ಆ ನೆಲ ಖಾಲಿಯಾಗಿರಲಿಲ್ಲ. ಅದು ಮೈಸೂರಿನ ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲು. ಅಲ್ಲಿನ ಹುಲ್ಲನ್ನು ನಂಬಿ ಕುರಿ ಸಾಕಿ, ಕಂಬಳಿ ನೇಯ್ದು ಬದುಕುತ್ತಿದ್ದ ಸುತ್ತಲ ಊರುಗಳ ಜನರ ತಕರಾರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.

ತಪಸ್ ವಿಮಾನ 24 ಗಂಟೆಗಳ ಕಾಲ 30,000 ಅಡಿ ಎತ್ತರದಲ್ಲಿ ಹಾರಬೇಕೆಂಬ ಸೇನೆಯ ಬೇಡಿಕೆಯನ್ನು ಪೂರ್ತಿಯಾಗಿ ಮುಟ್ಟಲಿಲ್ಲ. ಈ ಚರಿತ್ರೆಯ ಹಿನ್ನೆಲೆಯಲ್ಲಿ ನೋಡಿದರೆ ಅದೂ ಈಗ ಅರ್ಧ ಕಟ್ಟಿದ ಒಂದು ವಿಮಾನ. ಪ್ಯಾಸಡೀನಾದ ವಿದ್ಯಾರ್ಥಿಗಳು ತೊಡಗಿಸಿದ್ದನ್ನು ಬೆಂಗಳೂರಿನ ಕೆಲಸಗಾರರೂ, ರೂಟನ್ ಬರೆದದ್ದನ್ನು ದಮಾನಿಯರ ತಂಡವೂ, ಆ ತಂಡ ಬಿಟ್ಟುಹೋದದ್ದನ್ನು ಮತ್ತೊಂದು ತಲೆಮಾರೂ ಎತ್ತಿಕೊಂಡಂತೆ, ಇದನ್ನು ಎತ್ತಿಕೊಳ್ಳುವವರು ಮಾಡಬೇಕಾದ ಮೊದಲ ಕೆಲಸವೂ ನಕ್ಷೆಯ ಮೇಲೆ ಒಡಲನ್ನಿಟ್ಟು ಹಿಂದಿನ ಕೈ ಯಾವ ಭಾರವನ್ನು ಎಣಿಸಿತ್ತು, ಯಾವುದನ್ನು ಮರೆತಿತ್ತು ಎಂದು ಓದುವುದೇ ಆಗಿದೆ. ಚಳ್ಳಕೆರೆಯ ಮಟ್ಟಿಗೆ ಆ ಲೆಕ್ಕದಲ್ಲಿ ಕಾವಲಿನ ಕುರಿಗಳೂ ಸೇರುತ್ತವೆ.