ಚನ್ನಪಟ್ಟಣದ ಬೊಂಬೆಗಳೂ ಮಾಡಿದವರ ಹೆಸರೂ

ಚನ್ನಪಟ್ಟಣದ ಬೊಂಬೆಯನ್ನು ಕಾಣದ ಮನೆಯು ನಮ್ಮ ಸೀಮೆಯಲ್ಲಿ ವಿರಳ. ಆದರೆ ಅದನ್ನು ಮಾಡಿದವರಾರೆಂದು ಕೇಳಿದರೆ ಉತ್ತರ ಹೇಳಬಲ್ಲ ಮನೆಯು ಇನ್ನೂ ವಿರಳ.

ಈ ಕಸಬನ್ನು ಕಲಿಸುವುದಕ್ಕಾಗಿ ಟಿಪ್ಪು ಸುಲ್ತಾನನು ಪಾರಸೀಕ ದೇಶದಿಂದ ಕುಶಲರನ್ನು ಕರೆಯಿಸಿದನೆಂದು ಪ್ರತೀತಿಯುಂಟು. ಆ ಪ್ರತೀತಿಯಲ್ಲಿ ಕರೆಯಿಸಿದ ದೊರೆಯ ಹೆಸರು ನಿಂತಿತು. ಬಂದು ಕಲಿಸಿದವರ ಹೆಸರು ನಿಲ್ಲಲಿಲ್ಲ.

ಹೊಯ್ಸಳರ ಶಿಲ್ಪಿಗಳಿಗೆ ಹೀಗಾಗಲಿಲ್ಲ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನು ತನ್ನ ಕೃತಿಗಳ ಮೇಲೆ ಹೆಸರನ್ನು ಕೊರೆದನು. ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ಹಾಗೆಯೇ ಮಾಡಿದನು. ಬೊಂಬೆಯ ಗತಿಯಾದರೋ ಬೇರೆ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದೊಡನೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಬಳಿಕ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವರು. ಕೆಲಸವು ನಯವಾದಷ್ಟೂ ಕೈಯ ಗುರುತು ಮರೆಯಾಗುವುದು.

2005–06ನೆಯ ಸಾಲಿನಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು, ಊರಿನ ಹೆಸರಿಗೆ ಕಾನೂನಿನ ರಕ್ಷಣೆಯಾಯಿತು. ಅನ್ಯರ ನಕಲನ್ನು ತಡೆಯಲು ಅದು ಬೇಕಾದುದೇ. ಆದರೆ ಹೊಸ ಆಕಾರವೊಂದನ್ನು ಕಲ್ಪಿಸಿದವನಿಗೆ ಅದರಿಂದ ಹೆಸರು ಬಾರದು. ನೆರೆಮನೆಯವನು ನಾಳೆಯೇ ಅದನ್ನು ಕಡೆದರೆ, ಎರಡೂ ಚನ್ನಪಟ್ಟಣದ ಬೊಂಬೆಗಳೇ.

ಹೆಸರನ್ನು ಬಯಸುವುದು ಕುಶಲನ ಅಹಂಕಾರವಲ್ಲ. ನಮ್ಮ ಮೆಚ್ಚಿಕೆಯು ಅಂಗಡಿಯಲ್ಲಿಯೇ ನಿಲ್ಲದೆ ತನ್ನನ್ನು ಮುಟ್ಟಲೆಂಬ ಆಸೆ. ಆದುದರಿಂದ ಬೊಂಬೆಯನ್ನು ಕೊಳ್ಳುವಾಗ ಬೆಲೆಯೊಡನೆ ಮಾಡಿದವರ ಹೆಸರನ್ನೂ ಕೇಳೋಣ. ಅದರ ಅಡಿಯಲ್ಲಿ ಬರೆದಿಡೋಣ. ನಮ್ಮ ಮೊಮ್ಮಕ್ಕಳಿಗೆ ಆ ಒಂದು ಗೆರೆಯೇ ಶಾಸನವಾದೀತು.