ಸ್ಥಾನಸ್ಥಿತ ಅರ್ಬುದ: ಒಂದು ಹೆಸರಿನ ಇತಿಹಾಸ

ವ್ಯಾಧಿಗಿಟ್ಟ ಹೆಸರೇ ಅದರ ಚಿಕಿತ್ಸೆಯನ್ನು ಬಹುಕಾಲ ನಿರ್ಣಯಿಸಿದುದಕ್ಕೆ ಸ್ತನದ 'ಸ್ಥಾನಸ್ಥಿತ ಅರ್ಬುದ'ವು ಒಳ್ಳೆಯ ನಿದರ್ಶನ. 1932ರಲ್ಲಿ ಬ್ರೋಡರ್ಸ್ ಎಂಬ ಅಮೆರಿಕದ ರೋಗಶಾಸ್ತ್ರಜ್ಞನು ಈ ಹೆಸರನ್ನು ಬಳಕೆಗೆ ತಂದನು. ಜೀವಕೋಶಗಳ ರೂಪವು ಕ್ಯಾನ್ಸರಿನದೇ. ಆದರೆ ಅವು ಹಾಲಿನ ನಾಳದ ಪೊರೆಯನ್ನು ಭೇದಿಸಿ ಹೊರಬಿದ್ದಿರುವುದಿಲ್ಲ. ಕ್ಯಾನ್ಸರೆಂದು ಕರೆದ ಮೇಲೆ ಶಸ್ತ್ರವೈದ್ಯರು ಇಡೀ ಸ್ತನವನ್ನೇ ತೆಗೆಯುತ್ತ ಬಂದರು. ಕೆಟ್ಟ ಭಾಗವನ್ನಷ್ಟೇ ತೆಗೆದು ವಿಕಿರಣ ಕೊಟ್ಟರೆ ಮರುಕಳಿಕೆ ತಗ್ಗುವುದೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ತೋರಿಸಿತು. 2024ರಲ್ಲಿ ಇನ್ನೊಂದು ಪ್ರಯೋಗ ಹೊರಬಂದಿತು. ಅಪಾಯ ಕಡಮೆಯಿದ್ದವರಲ್ಲಿ ಎರಡು ವರ್ಷಗಳೊಳಗೆ ಹರಡುವ ಕ್ಯಾನ್ಸರ್ ಕಂಡುಬಂದುದು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 5.9, ಬರಿಯ ನಿಗಾದ ಗುಂಪಿನಲ್ಲಿ ಶೇ. 4.2. ಎರಡು ವರ್ಷ ಅಲ್ಪಾವಧಿ ಎಂಬುದನ್ನು ಮರೆಯಲಾಗದು.

ಈ ವಾದವೆಲ್ಲ ಕ್ಷ-ಕಿರಣ ಚಿತ್ರದಲ್ಲಿ ಸುಣ್ಣದ ಕಣಗಳು ಕಂಡ ಮೇಲಿನದು. ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಂಥ ಗ್ರಾಮಗಳ ಸ್ತ್ರೀಯರಿಗೆ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ವಿಧಿಸಿದುದು ಬೇರೆ: 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ. ಗಂಟು ಕೈಗೆ ಸಿಕ್ಕುವ ಹೊತ್ತಿಗೆ ರೋಗವು ಸಾಮಾನ್ಯವಾಗಿ ನಾಳವನ್ನು ದಾಟಿರುತ್ತದೆ. ಹಾಗೆಂದು ಅದು ವ್ಯರ್ಥವಲ್ಲ. ಎರಡು ವರ್ಷಕ್ಕೊಮ್ಮೆ ಇಂಥದೇ ಪರೀಕ್ಷೆ ನಡೆಸಿದ ಮುಂಬಯಿಯ ದೀರ್ಘ ಪ್ರಯೋಗದಲ್ಲಿ, ಐವತ್ತು ತುಂಬಿದವರ ಪೈಕಿ ಸ್ತನ ಕ್ಯಾನ್ಸರಿನ ಮರಣ ಸುಮಾರು ಶೇ. 30ರಷ್ಟು ತಗ್ಗಿದುದು 2021ರಲ್ಲಿ ಪ್ರಕಟವಾಯಿತು.